ರಾತ್ರಿ ಕಿಟಕಿ ತೆರೆಯುವವರು ಯಾರು?



ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡಿ ನೋಡಿರಿ. ರಾತ್ರಿ ಹತ್ತಕ್ಕೆ ಅಂಗಳಕ್ಕೆ ಹೋಗಿ ಐದು ನಿಮಿಷ ನಿಲ್ಲಿರಿ. ಆಮೇಲೆ ಒಳಗೆ ಬಂದು ನೀವು ಮಲಗುವ ಕೋಣೆಯ ಪಡುವಣ ಗೋಡೆಗೆ ಅಂಗೈ ಹಚ್ಚಿರಿ. ಹೊರಗೆ ಗಾಳಿ ತಣ್ಣಗಾಗುತ್ತಿದೆ, ಒಳಗೆ ಗೋಡೆ ಇನ್ನೂ ಕಾದೇ ಇದೆ. ಹೊತ್ತು ಮುಳುಗಿ ಮೂರು ತಾಸಾಯಿತು. ಹಾಗಾದರೆ ಈ ಬಿಸಿ ಎಲ್ಲಿಂದ ಬಂತು? ಬಂದದ್ದು ಹೋಗಲಿಲ್ಲ ಯಾಕೆ?

ಈ ಪ್ರಶ್ನೆ ನನಗೆ ಪಾಠ ಮಾಡುವಾಗ ಹುಟ್ಟಿದ್ದಲ್ಲ, ನಮ್ಮವ್ವ ಹುಟ್ಟಿಸಿದ್ದು. ಅಕ್ಕಲಕೋಟ ತಾಲೂಕಿನಲ್ಲಿ ನನ್ನ ತವರುಮನೆ. ಮೊದಲು ಅದು ಮಣ್ಣಿನ ಮಾಳಿಗೆಯ ಮನೆ. ಒಂದೂವರೆ ಎರಡಡಿ ದಪ್ಪದ ಗೋಡೆ, ಜಂತಿಯ ಮೇಲೆ ಒಂದಡಿ ಮಣ್ಣು, ನಡುವೆ ಒಂದು ಬೆಳಕಿಂಡಿ. ಮಳೆಗಾಲದಲ್ಲಿ ಒಂದು ಮೂಲೆ ಕುಸಿದ ಮೇಲೆ ಅಣ್ಣ ಹೊಸ ಮನೆ ಕಟ್ಟಿಸಲು ಹೊರಟ. ನಾನು ಬಿ.ಎಸ್ಸಿ. ಓದಿದವಳು, ದಿನಾ ಮಕ್ಕಳಿಗೆ ಉಷ್ಣ ಪ್ರಸಾರ ಕಲಿಸುವವಳು. ಸುಮ್ಮನಿರುತ್ತೇನೆಯೇ? "ಅಣ್ಣಾ, ಬರೀ ಸ್ಲ್ಯಾಬ್ ಹಾಕಬ್ಯಾಡ, ಬ್ಯಾಸಿಗ್ಯಾಗ ಸಾಯ್ತೀರಿ. ಮ್ಯಾಲ ಥರ್ಮಾಕೋಲ್ ಹಾಸು, ಗ್ವಾಡಿಗೆ ಹಗುರ ಬ್ಲಾಕ್ ಹಾಕು" ಅಂದೆ. ಅಣ್ಣ ಖರ್ಚು ಮಾಡಿದ. ಸ್ಲ್ಯಾಬಿನ ಮೇಲೆ ಎರಡು ಇಂಚು ಥರ್ಮಾಕೋಲ್, ಅದರ ಮೇಲೆ ತೆಳು ಕಾಂಕ್ರೀಟು, ಅದರ ಮೇಲೆ ಬಿಳಿ ಟೈಲ್ಸು. ಗೋಡೆಗೆ ಎಎಸಿ ಬ್ಲಾಕು, ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಹಗುರ ಇಟ್ಟಿಗೆ.

ಲೆಕ್ಕ ತಪ್ಪಿರಲಿಲ್ಲ. ನಮ್ಮ ಸೀಮೆಯಲ್ಲಿ ಮೇ 10ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆ ಹೊತ್ತಿನ ಬಿಸಿಲಿನ ಪೆಟ್ಟೆಲ್ಲ ಛಾವಣಿಗೆ. ಎರಡು ಇಂಚು ಥರ್ಮಾಕೋಲ್ ಉಷ್ಣವನ್ನು ಎಷ್ಟು ತಡೆಯುತ್ತದೆಂದರೆ, ಅಷ್ಟೇ ತಡೆಯಲು ಸುಮಾರು ಏಳು ಅಡಿ ದಪ್ಪದ ಕಾಂಕ್ರೀಟು ಬೇಕು! ಮಧ್ಯಾಹ್ನ ಎರಡು ಗಂಟೆಗೆ ಸ್ಲ್ಯಾಬಿನ ಕೆಳಭಾಗ ಮುಟ್ಟಿದರೆ ಸುಡುತ್ತಿರಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಮೊದಲ ಮೇ ತಿಂಗಳಲ್ಲೇ ಅವ್ವ ಹೊರಸು ಹೊರಗೆ ಹಾಕಿಸಿಕೊಂಡಳು. "ಏನ್ ಕಲ್ತೀಯವ್ವಾ ನೀ? ಇದು ಮನೀನೋ ಭಟ್ಟೀನೋ? ರಾತ್ರಿ ಗ್ವಾಡಿ ಮುಟ್ಟಿದ್ರ ಜ್ವರ ಬಂದ ಕೂಸಿನ ಮೈ ಸುಟ್ಟಂಗ ಸುಡ್ತದ" ಅಂದಳು. ನಾನು ನಕ್ಕುಬಿಟ್ಟೆ. ವಯಸ್ಸಾದವರಿಗೆ ಹಳೆಯದೇ ಚಂದ ಅಂದುಕೊಂಡೆ. ಮರುವರ್ಷ ಮೊಣಕಾಲು ನೋವಿನಿಂದ ಹೊರಗೆ ಮಲಗುವುದು ಆಗಲಿಲ್ಲ, ಒಳಗೇ ಮಲಗಿದಳು. ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದವಳು ತಲೆಸುತ್ತಿ ಬಿದ್ದಳು. ಏನು ಕೇಳಿದರೂ ತೊದಲುತ್ತಿದ್ದಳಂತೆ. ದವಾಖಾನೆಗೆ ಒಯ್ದರು, ಸಲೈನ್ ಹಚ್ಚಿದರು. "ಝಳಕ್ಕೆ ಹೀಂಗಾಗ್ಯದ, ಮೈಯಾಗ ನೀರಿಲ್ಲ" ಎಂದರು ಡಾಕ್ಟರು. ಅಣ್ಣ ಫೋನ್ ಮಾಡಿದಾಗ ನನಗೆ ಅರ್ಥವಾಗದ್ದು ಒಂದೇ. ರಾತ್ರಿ ಎರಡು ಗಂಟೆಗೆ ಎಲ್ಲಿಯ ಝಳ? ಬಿಸಿಲು ಬಡಿದದ್ದು ಮನೆಯೊಳಗೇ?

ಶಾಲೆಯ ಪ್ರಯೋಗಾಲಯದ ಮೂರು ಥರ್ಮಾಮೀಟರ್ ಹಿಡಿದುಕೊಂಡು ತವರಿಗೆ ಹೋದೆ. ಒಂದನ್ನು ಹೊರಗೆ ಬೇವಿನ ಮರದ ನೆರಳಲ್ಲಿ ಕಟ್ಟಿದೆವು, ಒಂದು ಅವ್ವನ ಕೋಣೆಯಲ್ಲಿ, ಇನ್ನೊಂದು ಅಣ್ಣನ ಕೋಣೆಯಲ್ಲಿ. ಓದಿ ಬರೆದುಕೊಳ್ಳುವ ಕೆಲಸ ಒಂಬತ್ತನೇ ಇಯತ್ತೆಯಲ್ಲಿದ್ದ ಅಣ್ಣನ ಮಗನದು. ಸಂಜೆ ನಾಲ್ಕಕ್ಕೆ ಹೊರಗೆ 41 ಡಿಗ್ರಿ, ಅವ್ವನ ಕೋಣೆಯಲ್ಲಿ 37. ಸರಿ, ಹಗಲು ಮನೆಯೇ ತಂಪು. ಆದರೆ ಬೆಳಗಿನ ಆರಕ್ಕೆ ಹೊರಗೆ 27, ಕೋಣೆಯಲ್ಲಿ 35! ಇಡೀ ರಾತ್ರಿಯಲ್ಲಿ ಕೋಣೆ ಬರೀ ಎರಡು ಡಿಗ್ರಿ ಇಳಿದಿತ್ತು. ಪಕ್ಕದ ಮನೆಯವರದು ಪತ್ರಾ ಹೊದಿಸಿದ ಮನೆ. ಹಗಲು ಅದು ಕಾದ ಹೆಂಚು, ಒಳಗೆ ಕೂಡಲಾಗುವುದಿಲ್ಲ. ಆದರೆ ರಾತ್ರಿ ಹತ್ತರ ಹೊತ್ತಿಗೆ ತಣ್ಣಗಾಗಿರುತ್ತದೆ. ಅಂದರೆ ನಾನು ಖರ್ಚು ಮಾಡಿಸಿದ ಮನೆ ಬಿಸಿಯನ್ನು ಬಚ್ಚಿಟ್ಟುಕೊಳ್ಳುತ್ತಿತ್ತು.

ಯಾಕೆ? ಥರ್ಮಾಸ್ ನೆನಪಿಸಿಕೊಳ್ಳಿರಿ. ಚಹಾ ಹಾಕಿದರೆ ಚಹಾ ಬಿಸಿ ಇರುತ್ತದೆ, ಐಸ್ ಹಾಕಿದರೆ ಐಸ್ ತಂಪಿರುತ್ತದೆ. ಒಳಗಿರುವುದು ಚಹಾವೋ ಐಸೋ ಎಂಬುದು ಥರ್ಮಾಸಿಗೆ ಗೊತ್ತಿಲ್ಲ. ಉಷ್ಣ ನಿರೋಧಕ ಮಾಡುವುದು ಇಷ್ಟೇ: ಉಷ್ಣ ದಾಟುವುದನ್ನು ತಡ ಮಾಡುತ್ತದೆ. ಹೊರಗಿನಿಂದ ಒಳಗೆ ಬರುವುದನ್ನೂ ತಡೆಯುತ್ತದೆ, ಒಳಗಿನಿಂದ ಹೊರಗೆ ಹೋಗುವುದನ್ನೂ ತಡೆಯುತ್ತದೆ. ಹಾಗಾದರೆ ನೀವು ಕೇಳಬೇಕು, "ಛಾವಣಿಯಿಂದ ಬಿಸಿ ಬಂದೇ ಇಲ್ಲ ಅಂದ ಮ್ಯಾಲ ಒಳಗ ಬಿಸಿ ಎಲ್ಲಿಂದ ಬಂತು ಅಕ್ಕೋರ?" ಅಣ್ಣನ ಮಗ ಇದನ್ನೇ ಕೇಳಿದ. ಇಬ್ಬರೂ ಕೂತು ಮನೆಯವರ ಒಂದು ದಿನದ ದಿನಚರಿ ಬರೆದೆವು. ಯಾರು, ಎಷ್ಟು ಹೊತ್ತಿಗೆ, ಏನು ಮಾಡುತ್ತಾರೆ, ಯಾವ ಕಿಟಕಿ ಯಾವಾಗ ತೆರೆದಿರುತ್ತದೆ. ಉತ್ತರ ಆ ಹಾಳೆಯಲ್ಲೇ ಇತ್ತು.

ಮೊದಲನೆಯದು ಅವ್ವನ ಕೋಣೆಯ ಪಡುವಣ ಕಿಟಕಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಗಾಜಿನದು, ಮೇಲೆ ಛಜ್ಜಾ ಇಲ್ಲ. ಅವ್ವನಿಗೆ ರಸ್ತೆ ಕಾಣಲಿ ಎಂದು ಅಣ್ಣ ಇಡಿಸಿದ್ದ. ಛಾವಣಿಯ ಬಗ್ಗೆ ಉಪನ್ಯಾಸ ಕೊಟ್ಟ ನಾನು ಕಿಟಕಿಯ ಬಗ್ಗೆ ಚಕಾರ ಎತ್ತಿರಲಿಲ್ಲ. ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲು ಪಡುವಣ ಮುಖದ ಪ್ರತಿ ಚದರ ಮೀಟರಿಗೆ 500 ವಾಟ್‌ಗಿಂತ ಹೆಚ್ಚು ಶಕ್ತಿ ತರುತ್ತದೆ. ಈ ಕಿಟಕಿ ಒಂದೂವರೆ ಚದರ ಮೀಟರ್. ಗಾಜು ಸ್ವಲ್ಪ ತಡೆದರೂ ಸುಮಾರು 600 ವಾಟ್ ಒಳಗೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಉಷ್ಣ ಬಿಡುತ್ತದೆ. ಅಂದರೆ ಮಧ್ಯಾಹ್ನ ಮೂರರಿಂದ ಆರರವರೆಗೆ ಆ ಸಣ್ಣ ಕೋಣೆಯಲ್ಲಿ ಅವ್ವನ ಜೊತೆ ಕಾಣದ ಆರು ಮಂದಿ ಕೂತ ಹಾಗಾಯಿತು!

"ಪರದೆ ಎಳೀತೀವಲ್ಲ" ಎಂದರು ವೈನಿ. ಎಳೆದ ಪರದೆಯನ್ನು ಮುಟ್ಟಿ ನೋಡಿದರೆ ಇಸ್ತ್ರಿ ಮಾಡಿದ ಅಂಗಿಯಂತೆ ಬಿಸಿ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಅದನ್ನು ಹೀರುತ್ತದೆ, ಹೀರಿದ್ದನ್ನು ಕೋಣೆಗೇ ಬಿಡುತ್ತದೆ. ಪರದೆ ಇರುವುದು ಥರ್ಮಾಸಿನ ಒಳಗೆ. ಅದೇ ಬಟ್ಟೆಯನ್ನು ಕಿಟಕಿಯ ಹೊರಗೆ ಕಟ್ಟಿದರೆ ಬಿಸಿ ಹೊರಗಿನ ಗಾಳಿಗೆ ಹೋಗುತ್ತದೆ. ಬಟ್ಟೆ ಒಂದೇ, ಒಂದು ಗೇಣು ಈಚೆಗೋ ಆಚೆಗೋ ಎನ್ನುವುದರಲ್ಲಿ ಎಲ್ಲ ವ್ಯತ್ಯಾಸ.

ಎರಡನೆಯದು ಅಡುಗೆಮನೆ. ಇದರ ಲೆಕ್ಕ ಮಾಡಿದಾಗ ನನಗೇ ಆಶ್ಚರ್ಯವಾಯಿತು. ನೀವೂ ಮಾಡಿರಿ. ಅವರ ಮನೆಯಲ್ಲಿ ಒಂದು ಸಿಲಿಂಡರ್ ಒಂದು ತಿಂಗಳು ಬರುತ್ತದೆ, ಅದರಲ್ಲಿ 14.2 ಕಿಲೊ ಗ್ಯಾಸು. ಒಂದು ಕಿಲೊ ಉರಿದರೆ ಸುಮಾರು 46 ಮೆಗಾಜೂಲ್ ಉಷ್ಣ. ಒಂದು ಯೂನಿಟ್ ವಿದ್ಯುತ್ತೆಂದರೆ 3.6 ಮೆಗಾಜೂಲ್. ಗುಣಿಸಿ ಭಾಗಿಸಿದರೆ ದಿನಕ್ಕೆ ಆರು ಯೂನಿಟ್! ಸಾವಿರ ವಾಟಿನ ಹೀಟರನ್ನು ದಿನಾ ಆರು ತಾಸು ಮನೆಯೊಳಗೆ ಉರಿಸಿದಷ್ಟು. ಗಾಳಿಗೆ ಒಲೆ ಆರುತ್ತದೆಂದು ಅಡುಗೆಮನೆಯ ಕಿಟಕಿ ಮುಚ್ಚಿರುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದುದು ಹನ್ನೊಂದರಿಂದ ಹನ್ನೆರಡೂವರೆ. ಅಡುಗೆಮನೆಯ ಬಾಗಿಲು ಅವ್ವನ ಕೋಣೆಗೆ ಎದುರು. ಮೇಲೆ ಟಿವಿ, ಫ್ರಿಜ್ಜು. ಫ್ರಿಜ್ಜು ತಂಪು ಮಾಡುವುದು ತನ್ನ ಹೊಟ್ಟೆಯನ್ನು ಮಾತ್ರ, ಅದರ ಬೆನ್ನಿಗೆ ಕೈ ಹಿಡಿದು ನೋಡಿರಿ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು ಏನನ್ನೂ ತಂಪು ಮಾಡುವುದಿಲ್ಲ. ತಂಪೆನಿಸುವುದು ಮೈಮೇಲಿನ ಬೆವರು ಆರುವುದರಿಂದ. ಮೈಯೇ ಇಲ್ಲದಿದ್ದರೆ ಫ್ಯಾನೆಂದರೆ 75 ವಾಟಿನ ಸಣ್ಣ ಹೀಟರು, ಅಷ್ಟೇ.

ಕೂಲರ್ ಕಥೆ ಇನ್ನೂ ಮಜಾ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಉಷ್ಣ ಬೇಕು, ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಒಣ ಹವೆಯ ನಮ್ಮ ಸೀಮೆಗೆ ಒಳ್ಳೆಯ ಯಂತ್ರ. ಆದರೆ ಅಣ್ಣ ಕೂಲರನ್ನು ಕೋಣೆಯ ನಡುವೆ ಇಟ್ಟು "ತಂಪು ಹೊರಗ ಹೋಗಬಾರದು" ಎಂದು ಬಾಗಿಲು ಕಿಟಕಿ ಎಲ್ಲ ಮುಚ್ಚುತ್ತಿದ್ದ. ಅರ್ಧ ತಾಸಿನಲ್ಲಿ ಒಳಗಿನ ಗಾಳಿ ನೀರುಂಡು ತೃಪ್ತವಾಗುತ್ತದೆ. ಆಮೇಲೆ ನೀರೂ ಆವಿಯಾಗುವುದಿಲ್ಲ, ಬೆವರೂ ಆರುವುದಿಲ್ಲ. ಕೂಲರ್ ಕಿಟಕಿಯಲ್ಲಿ ಕೂತು ಹೊರಗಿನ ಒಣ ಗಾಳಿ ಎಳೆಯಬೇಕು, ಎದುರಿನ ಕಿಟಕಿ ತೆರೆದಿರಬೇಕು.

ಇಷ್ಟೆಲ್ಲ ಬಿಸಿ ಒಳಗೆ ಸೇರಿತು. ಹೋಗುವ ದಾರಿ? ರಾತ್ರಿ ಒಂಬತ್ತಕ್ಕೆ ಎಲ್ಲ ಕಿಟಕಿ ಬಂದ್. ಸೊಳ್ಳೆ, ಕಳ್ಳರು, ಹಾವು. ಮೂರೂ ಸುಳ್ಳಲ್ಲ. ಹಗಲು ಹನ್ನೊಂದಕ್ಕೆ ಮಾತ್ರ "ಗಾಳಿ ಬರ್ಲಿ" ಎಂದು ಎಲ್ಲ ಕಿಟಕಿ ತೆರೆದು 40 ಡಿಗ್ರಿಯ ಗಾಳಿಯನ್ನು ಒಳಗೆ ಕರೆಯುತ್ತಿದ್ದರು. ಗಡಿಯಾರ ತಿರುಗಾಮುರುಗಾ ಆಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಸ್ವಲ್ಪ ನಿಧಾನ ಓದಿರಿ. "ಮಲಗುವ ಮೊದಲು ಹತ್ತು ನಿಮಿಷ ಕಿಟಕಿ ತೆಗೆದು ಗಾಳಿ ಬದಲಿ ಮಾಡಿದರಾಯ್ತು" ಎಂದು ಬಹಳ ಜನ ತಿಳಿದಿದ್ದಾರೆ. ಅವ್ವನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಅದರೊಳಗಿನ ಗಾಳಿಯ ತೂಕ ಎಷ್ಟು? ಸುಮಾರು 39 ಕಿಲೊ. ಮೇಲಿನ ಐದು ಇಂಚಿನ ಸ್ಲ್ಯಾಬಿನ ತೂಕ? ಮೂರು ಟನ್ನಿಗಿಂತ ಹೆಚ್ಚು. ಗಾಳಿಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 39 ಕಿಲೊಜೂಲ್ ತೆಗೆದರೆ ಸಾಕು, ಸ್ಲ್ಯಾಬನ್ನು ಒಂದು ಡಿಗ್ರಿ ಇಳಿಸಲು 2,900 ಕಿಲೊಜೂಲ್ ತೆಗೆಯಬೇಕು. ಎಪ್ಪತ್ತು ಪಟ್ಟಿಗೂ ಹೆಚ್ಚು. ಬಿಸಿ ಕೂತಿರುವುದು ಗಾಳಿಯಲ್ಲಲ್ಲ. ಸ್ಲ್ಯಾಬಿನಲ್ಲಿ, ಗೋಡೆಯಲ್ಲಿ, ನೆಲದ ಫರಸಿಯಲ್ಲಿ. ಹತ್ತು ನಿಮಿಷ ತೆರೆದು ಮುಚ್ಚಿದರೆ ಹೊಸದಾಗಿ ಬಂದ ತಣ್ಣನೆಯ ಗಾಳಿಯನ್ನು ಸ್ಲ್ಯಾಬು ಕ್ಷಣದಲ್ಲಿ ಕಾಯಿಸಿಬಿಡುತ್ತದೆ. ಇಡೀ ರಾತ್ರಿ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿದ್ದರೆ ಮಾತ್ರ ಆ ಬಿಸಿ ಕೊಡಕೊಡವಾಗಿ ಹೊರಬೀಳುತ್ತದೆ. ಹಾಗೆ ತಣಿದ ಸ್ಲ್ಯಾಬು ಮರುದಿನ ಮಧ್ಯಾಹ್ನದವರೆಗೂ ನಮ್ಮ ಬಿಸಿಯನ್ನು ಹೀರಿಕೊಳ್ಳುತ್ತದೆ. ಆಗ ಥರ್ಮಾಸಿನೊಳಗೆ ಐಸ್ ಇಟ್ಟ ಹಾಗೆ.

ನಾನು ಇದನ್ನೆಲ್ಲ ಹಾಳೆಯ ಮೇಲೆ ಬರೆದು ವಿವರಿಸುತ್ತಿದ್ದರೆ ಅವ್ವ ಹೊರಸಿನ ಮೇಲೆ ಕೂತು ಕೇಳುತ್ತಿದ್ದಳು. ಆಮೇಲೆ ಅಂದಳು: "ಹಳೇ ಮನ್ಯಾಗ ನಾ ಇದನ್ನss ಮಾಡ್ತಿದ್ದೆ. ಹತ್ತಕ್ಕ ಬಾಗಲಾ ಹಾಕ್ತಿದ್ದೆ, ಸಂಜೀಗೆ ಬೆಳಕಿಂಡಿ ಹಲಗಿ ಸರಸ್ತಿದ್ದೆ. ಇಲ್ಲಿ ನನ್ನ ಯಾರ್ ಕೇಳ್ಯಾರ? ಆ ಕಿಡಕಿ ಜಗ್ಗಾಕ ನನ್ನ ಕೈಲೆ ಆಗಂಗಿಲ್ಲ."

ಎದ್ದು ಹೋಗಿ ಕಿಟಕಿ ಸರಿಸಿ ನೋಡಿದೆ. ಸ್ಲೈಡಿಂಗ್ ಕಿಟಕಿ, ಹಳಿಯಲ್ಲಿ ಮಣ್ಣು ತುಂಬಿ ಬಿಗಿಯಾಗಿತ್ತು. ಸಂಧಿವಾತದ ಕೈಗೆ ಸಾಧ್ಯವೇ ಇಲ್ಲ. ಅದೂ ಅಲ್ಲದೆ ಸ್ಲೈಡಿಂಗ್ ಕಿಟಕಿ ಪೂರ್ತಿ ಸರಿಸಿದರೂ ತೆರೆಯುವುದು ಅರ್ಧವೇ, ಇನ್ನರ್ಧಕ್ಕೆ ಗಾಜು ಹಾಗೇ ಇರುತ್ತದೆ. ಹಳೆಯ ಮನೆಯ ಮಣ್ಣಿನ ಮಾಳಿಗೆಯನ್ನು ದಾಟಲು ಮಧ್ಯಾಹ್ನದ ಬಿಸಿಗೆ ಸುಮಾರು ಹತ್ತು ತಾಸು ಬೇಕಾಗುತ್ತಿತ್ತು. ಅದು ಒಳಗಿಳಿಯುವ ಹೊತ್ತಿಗೆ ಮನೆಮಂದಿಯೆಲ್ಲ ಚಾಪೆ ಹಿಡಿದು ಮಾಳಿಗೆ ಏರಿರುತ್ತಿದ್ದೆವು! ಮನೆ ತಂಪಾಗಿತ್ತು ಎಂದು ನಾವು ಹೇಳುವಾಗ ಮನೆಯ ಜೊತೆ ನಾವೂ ದುಡಿದದ್ದನ್ನು ಮರೆಯುತ್ತೇವೆ. ಹೊಸ ಮನೆಗೆ ಗೋಡೆ, ಛಾವಣಿ ಎಲ್ಲ ಬಂದವು, ಆ ದುಡಿಮೆ ಬರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿರಲಿ ಎಂದು ಗೋಡೆ, ಅಟ್ಟಕ್ಕೆಲ್ಲ ನಿರೋಧಕ ತುಂಬಿಸುತ್ತಾರೆ, ಸಂದುಗೊಂದು ಮುಚ್ಚುತ್ತಾರೆ. 2003ರ ಆಗಸ್ಟಿನಲ್ಲಿ ಯುರೋಪಿಗೆ ದೊಡ್ಡ ಬಿಸಿಗಾಳಿ ಬಡಿದಾಗ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಹೆಚ್ಚಿಗೆ ಸತ್ತರು. ಬಹುಪಾಲು ಮುದುಕರು, ಎಷ್ಟೋ ಜನ ಮನೆಯಲ್ಲಿ ಒಬ್ಬರೇ ಇದ್ದವರು. ಇಂಗ್ಲೆಂಡಿನ ಕೋನಿಂಗ್ಸ್‌ಬಿ ಎಂಬಲ್ಲಿ 2022ರ ಜುಲೈ 19ರಂದು 40.3 ಡಿಗ್ರಿ ದಾಖಲಾಯಿತು. ಆ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಹೊಸ ಮನೆಗಳು ಬೇಸಿಗೆಯಲ್ಲಿ ಅತಿಯಾಗಿ ಕಾಯಬಾರದು ಎಂಬ ಕಟ್ಟಡ ನಿಯಮ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿತ್ತು. ಆ ನಿಯಮದಲ್ಲಿ ನನಗೆ ಹಿಡಿಸಿದ ಮಾತೊಂದಿದೆ. ಕಿಟಕಿ ತೆರೆಯಲು ಬರುತ್ತದೆ ಎಂದು ನಕ್ಷೆಯಲ್ಲಿ ತೋರಿಸಿದರೆ ಸಾಲದು. ರಾತ್ರಿಯ ಗದ್ದಲ, ಕಳ್ಳರ ಭಯ, ಮಕ್ಕಳು ಬೀಳುವ ಅಪಾಯ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು, ಜನ ನಿಜವಾಗಿ ತೆರೆದಾರೇ ಎಂದು ನೋಡಬೇಕು. ಸೊಳ್ಳೆ, ಹಾವು ಅವರ ಪಟ್ಟಿಯಲ್ಲಿಲ್ಲ, ನಮ್ಮ ಪಟ್ಟಿಗೆ ನಾವೇ ಸೇರಿಸಿಕೊಳ್ಳೋಣ.

ನಾವು ಮಾಡಿದ್ದು ದೊಡ್ಡ ಖರ್ಚಿನದಲ್ಲ. ಪಡುವಣ ಕಿಟಕಿಯ ಹೊರಗೆ ಗೋಣಿತಟ್ಟು ಕಟ್ಟಿದೆವು. ಗ್ರಿಲ್ಲಿಗೆ ಸೊಳ್ಳೆ ಜಾಳಿಗೆ ಬಡಿಸಿದೆವು. ಹಳಿಯ ಮಣ್ಣು ಕೆರೆದು ಎಣ್ಣೆ ಬಿಟ್ಟೆವು. ವೈನಿ ಬೆಳಗಿನ ಏಳರೊಳಗೆ ರೊಟ್ಟಿ ಮುಗಿಸಲು ಒಪ್ಪಿದರು, ಆದರೆ ಒಂದು ಕರಾರು ಹಾಕಿದರು: "ಮಧ್ಯಾಹ್ನ ರೊಟ್ಟಿ ಆರ್ಯಾವ ಅಂತ ಯಾರೂ ಅನಬಾರದು ನೋಡ್ರಿ." ಹೊರಗಿನ ಥರ್ಮಾಮೀಟರ್ ಒಳಗಿನದಕ್ಕಿಂತ ಕೆಳಗಿಳಿದ ಕೂಡಲೆ ಕಿಟಕಿ ತೆರೆಯುವುದು, ಬೆಳಿಗ್ಗೆ ಹೊರಗಿನದು ಮೇಲೇರಿದ ಕೂಡಲೆ ಮುಚ್ಚುವುದು. ಈ ಕೆಲಸ ಅಣ್ಣನ ಮಗನಿಗೆ ಬಂತು.

ಅವನೇ ಒಂದು ಜಾಣ ತಕರಾರು ತೆಗೆದ. "ಅತ್ತೀ, ನಾಳೆ ಮಾಡ (ಮೋಡ) ಆಗಿ ಹೊರಗ ತಂಪಾದ್ರ? ನಮ್ಮಿಂದ ಆತೋ ಹವಾದಿಂದ ಆತೋ ಹೆಂಗ ಗೊತ್ತಾಗ್ತದ?" ಅದಕ್ಕೇ ಅಣ್ಣನ ಕೋಣೆಯನ್ನು ಮುಟ್ಟದೆ ಹಾಗೇ ಬಿಟ್ಟೆವು. ಅಲ್ಲಿ ತಿಜೋರಿ ಇದೆ, ಅಣ್ಣ ಕಿಟಕಿ ತೆರೆಯಲು ಹೇಗೂ ಒಪ್ಪಿರಲಿಲ್ಲ. ಮೊದಲು ಬೆಳಗಿನ ಆರಕ್ಕೆ ಅವ್ವನ ಕೋಣೆ ಅಣ್ಣನದಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಇತ್ತು. ಎಂಟು ದಿನದ ನಂತರ ಮೂರು ಡಿಗ್ರಿ ಕಡಿಮೆಯಾಯಿತು. ಒಂದೇ ಛಾವಣಿ, ಒಂದೇ ಇಟ್ಟಿಗೆ, ಒಂದೇ ಹವೆ. ಒಂದು ಮನೆಯ ಎಂಟು ದಿನದ ಅಳತೆ ಇದು, ಇದರಿಂದ ದೊಡ್ಡ ಸಿದ್ಧಾಂತ ಮಾಡಬೇಡಿರಿ. ಆದರೆ ಅವ್ವ ಆ ವಾರ ಒಳಗೇ ನಿದ್ದೆ ಮಾಡಿದಳು.

ಕಾಸರಗೋಡಿನ ಮಕ್ಕಳೇ, ನೀವು ಇದನ್ನು ಹಾಗೇ ನಕಲು ಮಾಡಬೇಡಿರಿ. ನಮ್ಮಲ್ಲಿ ಬೇಸಿಗೆಯ ಹಗಲಿಗೂ ರಾತ್ರಿಗೂ ಸುಮಾರು 15 ಡಿಗ್ರಿ ಅಂತರ, ನಿಮ್ಮ ಕಡಲ ಬದಿಯಲ್ಲಿ ಅದರ ಅರ್ಧದಷ್ಟು. ಮೇಲೆ ಗಾಳಿಯಲ್ಲಿ ತೇವ. ಹಗಲು ಎಲ್ಲ ಮುಚ್ಚಿ ಕೂತರೆ ಬೆವರು ಆರದೆ ಇನ್ನೂ ಕಷ್ಟ. ನಿಮಗೆ ನೆರಳೂ ಬೇಕು, ಹಗಲು ರಾತ್ರಿ ಮೈಮೇಲೆ ಗಾಳಿಯೂ ಬೇಕು. ಅದೋನಿ, ರಾಯದುರ್ಗ, ಜತ್ತ, ಸೊಲ್ಲಾಪುರದವರಿಗೆ ನಮ್ಮ ಲೆಕ್ಕ ಸರಿಹೋದೀತು. ಹೊಸೂರು, ತಾಳವಾಡಿಯವರು ಅಳೆದು ನೋಡಿ ನೀವೇ ತೀರ್ಮಾನಿಸಿರಿ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಇದನ್ನು ತಿಳಿದಿರಿ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಬೆವರೂ ಕಡಿಮೆ. ಕೇಳದಿದ್ದರೂ ನೀರು, ಮಜ್ಜಿಗೆ ಕೊಡಿರಿ. ಕೋಣೆಯ ತಾಪಮಾನ 40 ದಾಟಿದರೆ ಫ್ಯಾನೊಂದನ್ನೇ ನಂಬಬೇಡಿರಿ, ಬಿಸಿಗಾಳಿ ಮೈಯನ್ನು ಇನ್ನೂ ಕಾಯಿಸುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿರಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲಗೊಂಡರೆ ಬೆಳಗಾಗಲಿ ಎಂದು ಕಾಯಬಾರದು. ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿರಿ.

ಈಗ ನಿಮ್ಮ ಕೆಲಸ. ಎರಡು ಥರ್ಮಾಮೀಟರ್ ಸಾಕು, ಒಂದು ಒಳಗೆ, ಒಂದು ಹೊರಗೆ ನೆರಳಲ್ಲಿ. ಗೋಡೆಗೆ ತಾಗಿಸಬೇಡಿರಿ, ನೆಲದಿಂದ ನಾಲ್ಕಡಿ ಮೇಲೆ ದಾರಕ್ಕೆ ಕಟ್ಟಿರಿ. ಬೆಳಗಿನ ಆರು, ಸಂಜೆಯ ನಾಲ್ಕು, ರಾತ್ರಿಯ ಹತ್ತು, ದಿನಕ್ಕೆ ಮೂರು ಸಲ, ಹದಿನೈದು ದಿನ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕಂಬಸಾಲು ಮಾಡಿ ಯಾವ ಕಿಟಕಿ ಯಾರು ಯಾವಾಗ ತೆರೆದರು, ಯಾಕೆ ಮುಚ್ಚಿದರು ಎಂಬುದನ್ನೂ ಬರೆಯಿರಿ. "ಸೊಳ್ಳೆ" ಎಂದಿದ್ದರೆ ಸೊಳ್ಳೆ ಎಂದೇ ಬರೆಯಿರಿ. ನಿಮ್ಮ ವಿಜ್ಞಾನ ಶಿಕ್ಷಕರ ಕೈಯಲ್ಲಿ ಕೊಟ್ಟರೆ ಅವರು ನಮಗೆ ಕಳಿಸುತ್ತಾರೆ.

ಅಣ್ಣನ ಮಗ ಈ ಸಲವೂ ಪಟ್ಟಿ ಗೀಚಿಟ್ಟಿದ್ದಾನೆ. ಅಣ್ಣ ಅಂಕಿಗಳನ್ನೆಲ್ಲ ನೋಡಿ, "ಖರೇ ಅದ" ಎಂದು ತಲೆದೂಗಿ, ರಾತ್ರಿ ತನ್ನ ಕೋಣೆಯ ಕಿಟಕಿ ಎಂದಿನಂತೆ ಭದ್ರ ಮುಚ್ಚಿಕೊಂಡು ಮಲಗಿದ. ಇರಲಿ ಬಿಡಿ, ಹೋಲಿಸಿ ನೋಡಲು ನಮಗೂ ಒಂದು ಕೋಣೆ ಬೇಕಲ್ಲ.